ಪೀಠಿಕೆ ಓದುವ ಮಕ್ಕಳು ಗ್ರಾಮಸಭೆಗೂ ಬರಲಿ

ಮಾನ್ಯ ಸಂಪಾದಕರೇ,

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಜೊತೆ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಎಂದು ದಿನಾ ಹೇಳುವ ಒಂಬತ್ತನೇ ತರಗತಿಯ ಎಷ್ಟೋ ಮಕ್ಕಳಿಗೆ ಪಂಚಾಯಿತಿಗೆ ಒಂದು ಅರ್ಜಿ ಬರೆಯಲು ಬರುವುದಿಲ್ಲ. ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ ಭಾಷಣ ಸ್ಪರ್ಧೆಗೆ ಮುಗಿಯುತ್ತದೆ. ವಿಶ್ವಸಂಸ್ಥೆ ಹಕ್ಕುಗಳ ಘೋಷಣೆ ಹೊರಡಿಸಿದ್ದು 1948ರಲ್ಲಿ ಎಂದು ಬರೆದರೆ ಅಂಕ ಸಿಗುತ್ತದೆ, ಅಷ್ಟೇ.

ಶಿವಮೊಗ್ಗ ಜಿಲ್ಲೆಯವರಿಗೆ ಈ ಪಾಠ ದೂರದ್ದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ. ಮೂರು ಸೇರು ಹಿಡಿಯಬೇಕಾದ ಕೊಳಗ ಜಮೀನಿನ ಒಡೆಯರ ಅಂಗಳದಲ್ಲಿ ಅದಕ್ಕಿಂತ ದೊಡ್ಡದಿತ್ತು. ಸರಿಯಾದ ಅಳತೆ ಕೇಳಿದ ಗೇಣಿದಾರರಿಗೆ ಗದ್ದೆ ತಪ್ಪಿಸಿದರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಅವರು ಅದೇ ಗದ್ದೆಗಳಿಗೆ ಉಳಲು ಇಳಿದು ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಸಂವಿಧಾನ ಜಾರಿಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಮರುವರ್ಷವೇ ಚುನಾವಣೆ ಬಂತು: ಒಡೆಯನಿಗೂ ಒಂದು ಓಟು, ಗೇಣಿದಾರನಿಗೂ ಒಂದು ಓಟು. ಸತ್ಯಾಗ್ರಹದ ಜೊತೆ ನಿಂತಿದ್ದ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಸಮಾನತೆ ಎಂದರೇನು ಎಂದು ಹದಿನಾಲ್ಕರ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಭೂಮಿ ಕೈಗೆ ಬರಲು ಮಾತ್ರ 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಆಗಲೂ ನಮೂನೆ 7ರಲ್ಲಿ, ಅಂದರೆ ಗೇಣಿದಾರರ ಅರ್ಜಿಯಲ್ಲಿ, ಡಿಕ್ಲರೇಷನ್ ಹಾಕಿದವರಿಗಷ್ಟೇ ಹಕ್ಕು. ಗೊತ್ತಿಲ್ಲದೆ ಬಿಟ್ಟವರು, ಒಡೆಯರ ಮುಖದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಬಿಟ್ಟವರು ನಮ್ಮ ಸುತ್ತಲ ಊರುಗಳಲ್ಲಿದ್ದಾರೆ. ಅವರ ಮೊಮ್ಮಕ್ಕಳು ಇಂದಿಗೂ ಕೂಲಿಗೆ ಹೋಗುತ್ತಾರೆ.

ಈಗ ಅರಣ್ಯ ಹಕ್ಕಿನ ಅರ್ಜಿಗಳಲ್ಲೂ ಅದೇ ಆಗುತ್ತಿದೆ. 2006ರ ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಕಾಗದವಿಲ್ಲವೆಂದು ಕೈಚೆಲ್ಲಿ ಕೂತವರನ್ನು ನೋಡುತ್ತಲೇ ಇದ್ದೇನೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ, ಬೇರೊಂದು ಪುರಾವೆಯ ಜೊತೆ ಅದೂ ನಡೆಯುತ್ತದೆ ಎಂದು ನಿಯಮವೇ ಹೇಳುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸಬೇಕು. 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಅಜ್ಜನ ಮಾತು ಕೇಳಿ ನಾಲ್ಕು ಪುಟ ನೀಟಾಗಿ ಬರೆದುಕೊಡಲು ಪ್ರೌಢಶಾಲೆಯ ಮಕ್ಕಳಿಗಿಂತ ಯಾರು ಬೇಕು? ಅದೇ ಅವರಿಗೆ ಇತಿಹಾಸದ ಪಾಠವೂ ಆಗುತ್ತದೆ, ಪೌರನೀತಿಯ ಪಾಠವೂ ಆಗುತ್ತದೆ.

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ನಿಜ. ಹಳ್ಳಕ್ಕೆ ಕಾಲುಸಂಕ ಹಾಕಿಸಿಕೊಡಿ, ಶೌಚಾಲಯಕ್ಕೆ ನೀರು ಬಿಡಿ ಎಂದು ಮಕ್ಕಳು ಕೇಳುತ್ತಾರೆ. ವೇದಿಕೆಯ ಮೇಲಿದ್ದವರು ‘ಆಗಲಿ, ಮಾಡೋಣ’ ಎನ್ನುತ್ತಾರೆ. ಮುಂದಿನ ಸಭೆಯ ಹೊತ್ತಿಗೆ ಕೇಳಿದ ಹುಡುಗಿ ಪಿಯುಸಿಗೆ ಪೇಟೆ ಸೇರಿರುತ್ತಾಳೆ. ಕೇಳಿದರೆ ಏನೂ ಆಗುವುದಿಲ್ಲ ಎಂಬುದನ್ನು ನಾವೇ ಹೀಗೆ ಕಲಿಸುತ್ತಿದ್ದೇವೆ. ನನ್ನನ್ನು ಹೆಚ್ಚು ನೋಯಿಸುವುದು ಇದೇ. ಹಿಂದಿನ ವರ್ಷದ ಪ್ರಶ್ನೆಗಳನ್ನು ಮೊದಲು ಓದಿ, ಏನಾಯಿತು, ಆಗದಿದ್ದರೆ ಏಕೆ ಎಂದು ಹೇಳಿದ ಮೇಲೆಯೇ ಹೊಸ ಪ್ರಶ್ನೆ ತೆಗೆದುಕೊಳ್ಳಲಿ. ನಡಾವಳಿಯ ಪ್ರತಿ ಶಾಲೆಯ ಸೂಚನಾ ಫಲಕಕ್ಕೆ ಬರಲಿ. ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಬರೆಯುವುದನ್ನು ಮೇಷ್ಟ್ರು ತರಗತಿಯಲ್ಲೇ ಕಲಿಸಲಿ. ಉತ್ತರಕ್ಕೆ 30 ದಿನಗಳ ಗಡುವಿದೆ.

ದೊಡ್ಡವರ ಗ್ರಾಮಸಭೆಗೂ ಒಂಬತ್ತು, ಹತ್ತನೇ ತರಗತಿಯವರು ಬಂದು ಕೂರಲಿ. ಯಾವ ಕೇರಿಯವರು ಬಂದಿಲ್ಲ, ಹೆಂಗಸರು ಎದ್ದು ನಿಂತಾಗ ಯಾರು ಬಾಯಿ ಮುಚ್ಚಿಸಿದರು, ಯಾವ ಮಾತು ಪುಸ್ತಕಕ್ಕೆ ಏರಲಿಲ್ಲ ಎಂದು ನೋಡಿ ಬರೆದುಕೊಳ್ಳಲಿ. ಮಕ್ಕಳನ್ನು ರಾಜಕೀಯಕ್ಕೆ ಎಳೆಯುತ್ತೀರಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಮೂರ್ನಾಲ್ಕು ವರ್ಷ ಕಳೆದರೆ ಇವರೇ ಮತದಾರರು.

ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಮತ್ತು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಕೂಡಿ ಮುಂದಿನ ಮಕ್ಕಳ ಗ್ರಾಮಸಭೆಗೆ ಮುನ್ನ ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು