ಹುಲಿಯ ದಡ ಸೇರಲಿಲ್ಲ

ಪುಟ್ಟಿ,

ನಿನ್ನೆ ರಾತ್ರಿ ಬ್ಯಾಗಿನ ತೂಕಕ್ಕೆ ಆದ ಜಗಳವನ್ನು ಮತ್ತೆ ತೆಗೆಯುವುದಿಲ್ಲ. ನೀನು ಮಲಗಿದ ಮೇಲೆ ಮೂರು ಪುಸ್ತಕಗಳನ್ನು ಬಟ್ಟೆಗಳ ನಡುವೆ ಮತ್ತೆ ಇಟ್ಟಿದ್ದೇನೆ. ಸಿಟ್ಟಾಗಬೇಡ. ಈ ಕಾಗದ ಅದರಲ್ಲಿ ದಪ್ಪ ಪುಸ್ತಕದೊಳಗೆ ಸಿಗುತ್ತದೆ. ಅದನ್ನು ಓದಲು ಕೂರುವ ಮೊದಲು ನಿನಗೆ ಒಂದು ಮಾತು ಹೇಳಲೇಬೇಕು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಿನಗೆ ಎಂಟು ವರ್ಷವಿದ್ದಾಗ ಓದಿ ಹೇಳಿದ್ದೆ. ಪೂರ್ತಿ ಅಲ್ಲ, ಅದು ಮಕ್ಕಳ ಪುಸ್ತಕ ಅಲ್ವಲ್ಲ. ಗುತ್ತಿ ಮತ್ತು ಅವನ ನಾಯಿ ಹುಲಿಯ ಬರುವ ಕಡೆ ಮಾತ್ರ ಆರಿಸಿ ಓದುತ್ತಿದ್ದೆ. ನಾಯಿಯನ್ನು ಬಿಟ್ಟು ಹೋಗದವನು ಅಂತಲೇ ಜನ ಅವನನ್ನು ನಾಯಿಗುತ್ತಿ ಅಂತ ಕರೆಯುವುದು. ನಿನಗಂತೂ ಹುಲಿಯ ಅಂದರೆ ಜೀವ. ‘ಇವತ್ತು ಹುಲಿಯ ಏನು ಮಾಡ್ತು?’ ಅಂತ ಕೇಳಿಕೊಂಡೇ ಹಾಸಿಗೆ ಹತ್ತುತ್ತಿದ್ದೆ.

ಅಜ್ಜಿ ತೀರಿಕೊಂಡ ವರ್ಷ ಅದು. ಆ ದಿನಗಳ ಬಗ್ಗೆ ಬರೆಯುವುದಿಲ್ಲ, ನಿನಗೂ ನೆನಪಿದೆ.

ಓದುತ್ತಾ ಓದುತ್ತಾ ಕೊನೆಗೆ ತುಂಬಿದ ತುಂಗೆ ಬಂತು. ಗುತ್ತಿ, ಅವನ ಹುಡುಗಿ ತಿಮ್ಮಿ ಹೊಳೆ ದಾಟುತ್ತಾರೆ. ಹುಲಿಯ ದಾಟುವುದಿಲ್ಲ ಪುಟ್ಟಿ. ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ನಾನು ಆ ಸಾಲಿಗೆ ಬಂದವಳು ನಿಂತುಬಿಟ್ಟೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಪುಟದ ಮೇಲೆ ಬೆರಳು ಓಡಿಸುತ್ತಾ, ಓದುವ ದನಿಯಲ್ಲೇ ಸುಳ್ಳು ಹೇಳಿದೆ. ಹುಲಿಯ ಈಜಿ ದಡ ಸೇರಿತು, ಮೈ ಕೊಡವಿತು, ಗುತ್ತಿಯ ಕಾಲು ನೆಕ್ಕಿತು ಅಂದೆ. ನೀನು ಚಪ್ಪಾಳೆ ತಟ್ಟಿದೆ. ಮರುದಿನ ಚಿತ್ರ ಬರೆದು ತಂದೆ: ನೀಲಿ ಹೊಳೆ, ಕಂದು ನಾಯಿ, ಬಾಲ ಮೇಲೆ, ಸುತ್ತ ಹನಿಗಳು.

ಆ ರಾತ್ರಿಯೇ ಆ ಹಾಳೆಗಳನ್ನು ಸೇರಿಸಿ ಗುಂಡುಪಿನ್ ಚುಚ್ಚಿಟ್ಟೆ. ನೀನು ಓದಲು ಕಲಿತು ತೆಗೆದು ನೋಡಿದರೆ ಅಂತ ಭಯ. ಆಮೇಲೆ ನೀನು ಇಂಗ್ಲಿಷ್ ಪುಸ್ತಕಗಳ ಕಡೆ ಹೋದೆ. ನಾನು ಬೇಜಾರು ಮಾಡಿಕೊಂಡೆ ಅಂತ ನೀನು ಅಂದುಕೊಂಡಿದ್ದೆ. ಒಳಗೊಳಗೆ ನೆಮ್ಮದಿಯೂ ಆಗಿತ್ತು. ಹದಿನೈದು ವರ್ಷ ಆ ಪಿನ್ನು ಹಾಗೇ ಇತ್ತು.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟು ಸಲ ಯೋಚಿಸಿದ್ದೇನೋ. ಒಂದೇ ವರ್ಷದಲ್ಲಿ ನಿನಗೆ ಎರಡು ಸಾವು ಬೇಡ ಅಂತಲೇ ಅಂದುಕೊಂಡಿದ್ದೆ. ಆದರೆ ಅಳು ಬರುತ್ತಿದ್ದದ್ದು ನನಗೆ. ನಿನ್ನೆದುರು ಅಳಬಾರದು ಅಂತ ಹುಲಿಯನನ್ನು ದಡ ಮುಟ್ಟಿಸಿದೆ. ಅವತ್ತು ಇಬ್ಬರೂ ಕೂತು ಅತ್ತುಬಿಟ್ಟಿದ್ದರೆ ಚೆನ್ನಾಗಿತ್ತು. ಪುಸ್ತಕದ ಶುರುವಿನಲ್ಲೇ ಇಲ್ಲಿ ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ ಅಂತ ಕುವೆಂಪು ಬರೆದಿದ್ದಾರೆ. ಒಂದು ನಾಯಿಯ ಸಾವನ್ನೂ ಅವರು ಅಷ್ಟು ಮನಸ್ಸಿಟ್ಟು ಬರೆದರು, ನಾನು ಅದಕ್ಕೆ ಪಿನ್ನು ಹೊಡೆದೆ. ತಪ್ಪಾಯ್ತು ಮಗಳೇ.

1967ರಲ್ಲಿ ಬಂದ ಪುಸ್ತಕ ಅದು. ನಾನು ನಾಲ್ಕು ಸಲ ಓದಿದ್ದೇನೆ. ಬೇಡದ ಮದುವೆ ತಪ್ಪಿಸಿಕೊಂಡು ರಾತ್ರಿ ಕಾಡಿಗೆ ಹೊರಡುವ ಚಿನ್ನಮ್ಮ ಬಂದಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತದೆ. ಈ ಸಲ ಅವಳ ಜಾಗದಲ್ಲಿ ನೀನೇ ಕಾಣಿಸಿದೆ. ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಇನ್ನೆರಡು ಸಣ್ಣ ಪುಸ್ತಕಗಳು. ತೇಜಸ್ವಿಯವರ ‘ಕರ್ವಾಲೊ’, 1980ರದ್ದು. ಊರವರು ದಡ್ಡ ಅಂದುಕೊಂಡ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಹುಟ್ಟಾ ನಿಸರ್ಗ ತಜ್ಞನನ್ನು ಕಾಣುತ್ತಾರೆ. ಅಷ್ಟು ಜನ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕೊನೆಗೆ ಕಣ್ಣೆದುರೇ ತೇಲಿಕೊಂಡು ಹೋಗಿಬಿಡುತ್ತದೆ. ಹೊಸ ಕೆಲಸದಲ್ಲಿ ಏನಾದರೂ ಕೈ ತಪ್ಪಿದ ದಿನ ಓದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ನನ್ನಮ್ಮ ನನಗೆ ಕೊಟ್ಟದ್ದು. ಚಿಕ್ಕಂದಿನಲ್ಲೇ ವಿಧವೆಯಾಗಿ ಇಡೀ ಬದುಕು ಬಾಯಿ ಮುಚ್ಚಿಕೊಂಡು ಕಳೆದವಳು ಫಣಿಯಮ್ಮ. ಇನ್ನೊಬ್ಬ ಹುಡುಗಿ ತಲೆ ಬೋಳಿಸಿಕೊಳ್ಳಲ್ಲ ಅಂದಾಗ ಅವಳ ಪರ ನಿಲ್ಲುತ್ತಾಳೆ. ಅಲ್ಲಿ ನನ್ನಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ, ನೋಡು.

ಫೋನಿನಲ್ಲಿ ಕಥೆಯ ಸಾರಾಂಶ ಓದಿ ಮುಗಿಸಬೇಡ. ಮಲಗುವ ಮುಂಚೆ ಹತ್ತು ಪುಟ ಓದು, ಸಾಕು. ಅರ್ಥವಾಗದ ಮಾತು ಬಂದರೆ ಬಿಟ್ಟು ಮುಂದೆ ಹೋಗು, ಆಮೇಲೆ ತಾನಾಗೇ ತಿಳಿಯುತ್ತದೆ. ಹಿಡಿಸದಿದ್ದರೆ ಮುಚ್ಚಿಡು, ಆದರೆ ಐವತ್ತು ಪುಟವಾದರೂ ಓದಿ ಆಮೇಲೆ ಮುಚ್ಚಿಡು. ರಾತ್ರಿ ಎರಡರವರೆಗೆ ಕೂರಬೇಡ. ಓದಿದ್ದನ್ನು ಯಾರ ಹತ್ತಿರವಾದರೂ ಮಾತಾಡು, ಒಬ್ಬಳೇ ಇಟ್ಟುಕೊಂಡು ಕೊರಗಬೇಡ.

ಕಾರಂತರ ‘ಬೆಟ್ಟದ ಜೀವ’ವನ್ನೂ ಎತ್ತಿಕೊಂಡಿದ್ದೆ. ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಮುದುಕ ಮುದುಕಿ ಇದ್ದಾರೆ ಅದರಲ್ಲಿ. ಬ್ಯಾಗಿಗೆ ಹಾಕಲು ಕೈ ಬರಲಿಲ್ಲ. ಅದು ಇಲ್ಲೇ ಇರಲಿ, ಬಂದಾಗ ಓದುವೆಯಂತೆ.

ಪಿನ್ನು ತೆಗೆದಿದ್ದೇನೆ. ಹಾಳೆಗಳ ಮೂಲೆಯಲ್ಲಿ ತುಕ್ಕಿನ ಕಲೆ ಉಳಿದಿದೆ, ಅದರಿಂದಲೇ ಜಾಗ ಗೊತ್ತಾಗುತ್ತದೆ. ನಿನ್ನ ಚಿತ್ರವನ್ನೂ ಅಲ್ಲೇ ಇಟ್ಟಿದ್ದೇನೆ. ಓದಿದ ದಿನ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ
ಅಮ್ಮ