ನೆಟ್ಟಗೆ ಕೂರಲು ಮಕ್ಕಳೇನು ಗೊಂಬೆಗಳೇ?

ಸಂಪಾದಕರೇ,

ಗುರುವಾರದ ನಿಮ್ಮ ಪತ್ರಿಕೆಯಲ್ಲಿ ರಸ್ತೆ ಸುರಕ್ಷತಾ ಮಾಸದ ವರದಿ ಓದಿದೆ. ಸಸಿಗೆ ನೀರು ಹಾಕುವ ಫೋಟೊ ಚೆನ್ನಾಗಿ ಬಂದಿದೆ. ‘ಮಕ್ಕಳಿಗೆ ಬೆಲ್ಟ್ ಹಾಕಿ ನೆಟ್ಟಗೆ ಕೂರಿಸುವುದು ಪಾಲಕರ ಹೊಣೆ, ಹೊರದೇಶದಲ್ಲಿ ಗೊಂಬೆ ಕೂರಿಸಿ ಇದನ್ನೆಲ್ಲ ಪರೀಕ್ಷೆ ಮಾಡಿದ್ದಾರೆ’ ಎಂದು ವೇದಿಕೆಯ ಮೇಲಿದ್ದ ಸಾಹೇಬರು ಹೇಳಿದರಂತೆ. ಮರುದಿನ ಬೆಳಿಗ್ಗೆಯೇ ಆ ಹೊಣೆಯ ಹೆಸರಿನಲ್ಲಿ ನನ್ನಿಂದ 1000 ರೂಪಾಯಿ ದಂಡ ವಸೂಲಾಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಎರಡನೇ ರೈಲ್ವೆ ಗೇಟ್ ದಾಟಿದ ಮೇಲೆ ಬರುವ ಆ ಹಂಪ್ ಟಿಳಕವಾಡಿಯವರಿಗೆಲ್ಲ ಗೊತ್ತು. ಬಣ್ಣವಿಲ್ಲ, ಬೋರ್ಡಿಲ್ಲ. ಗೇಟ್ ಹಾಕಿದ್ದರಿಂದ ಮೊದಲೇ ತಡವಾಗಿತ್ತು. ಮುಂದಿದ್ದ ಟಂಟಂ (ಮೂರು ಗಾಲಿಯ ಬಾಡಿಗೆ ಗಾಡಿ) ಹಂಪ್ ಕಂಡು ಗಕ್ಕನೆ ನಿಂತಿತು, ನಾನೂ ಬ್ರೇಕ್ ಒತ್ತಿದೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ಕೂತಿದ್ದ ನನ್ನ ಆರು ವರ್ಷದ ಮಗ ಮುಂದಕ್ಕೆ ಜಾರಿದ. ಮೇಲಿನ ಪಟ್ಟಿ ಕುತ್ತಿಗೆಗೆ ಒತ್ತಿ ಕೆಂಪಗೆ ಬರೆ ಎದ್ದಿತು. ಡಬ್ಬಿಯ ಮುಚ್ಚಳ ಹಾರಿ ಪಲ್ಯವೆಲ್ಲ ಯೂನಿಫಾರ್ಮ್ ಮೇಲೆ. ಅವನ ಅಳು ಬೇರೆ, ಹಿಂದಿನವರ ಹಾರ್ನ್ ಬೇರೆ. ಉರಿಯುತ್ತದೆ ಎಂದು ಒಂದೇ ಸಮ ಅತ್ತಿದ್ದಕ್ಕೆ ಬೆಲ್ಟ್ ತೆಗೆದು, ಇರುವೆಯ ಹಾಗೆ ನಿಧಾನವಾಗಿ ಹೊರಟೆ. ಮುಂದಿನ ಸರ್ಕಲ್‌ನಲ್ಲಿ ಟ್ರಾಫಿಕ್ ಪೊಲೀಸರ ಕೈ ಅಡ್ಡ ಬಂತು. ಕುತ್ತಿಗೆಯ ಬರೆ ತೋರಿಸಿದರೆ, “ಮೊದಲ ನೆಟ್ಟಗ ಕುಂಡ್ರಸಬೇಕಿತ್ರಿ ಮೇಡಂ” ಎಂಬ ಉಪದೇಶ ಸಿಕ್ಕಿತು. ಮೋಟಾರು ವಾಹನ ಕಾಯ್ದೆಯ 194 ಬಿ ಕಲಂ ಅವರಿಗೆ ಬಾಯಿಪಾಠ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟ್ ಇರಲೇಬೇಕು. ಸರಿ, ಒಪ್ಪಿದೆ. ಅವರು ರಸೀದಿ ಕೊಡುವಷ್ಟರಲ್ಲೇ ಪಕ್ಕದಲ್ಲಿ ಒಂದು ಶಾಲಾ ಆಟೊ ಹೋಯಿತು. ಡ್ರೈವರ್‌ನ ಎಡಕ್ಕೊಬ್ಬ, ಬಲಕ್ಕೊಬ್ಬ, ಹಿಂದೆ ಎಷ್ಟು ಮಕ್ಕಳೋ ದೇವರಿಗೇ ಗೊತ್ತು. ಹೊರಗೆ ಬ್ಯಾಗುಗಳ ತೋರಣ. ಅದಕ್ಕೆ ಯಾವ ಕಲಮೂ ಇಲ್ಲ, ಯಾವ ಕೈಯೂ ಇಲ್ಲ. ಡ್ರೈವರ್ ಇವರಿಗೆ ನಮಸ್ಕಾರ ಹೊಡೆದು ಹೋದ.

ಗೊಂಬೆಯ ವಿಷಯ ಎತ್ತಿದವರು ಸಾಹೇಬರೇ ಅಲ್ವಾ, ಪೂರ್ತಿ ತಿಳಿದುಕೊಂಡಾದರೂ ಮಾತಾಡಬೇಕಿತ್ತು. ನನ್ನ ತಮ್ಮ ಮೆಕ್ಯಾನಿಕಲ್ ಓದಿದವನು. ಸಂಜೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ. ಡಿಕ್ಕಿ ಪರೀಕ್ಷೆಗೆ ಮಕ್ಕಳ ಅಳತೆಯ ಡಮ್ಮಿ ಗೊಂಬೆಗಳಿವೆ, ನಿಜ. ಆದರೆ ಅವುಗಳನ್ನು ಮಾಡುವಾಗ ಮಕ್ಕಳ ಮೈ ಡಿಕ್ಕಿಯಲ್ಲಿ ಹೇಗೆ ಬಾಗುತ್ತದೆ ಎಂಬ ಮಾಹಿತಿಯೇ ಕಡಿಮೆ ಇತ್ತು. ಹೆಚ್ಚಾಗಿ ದೊಡ್ಡವರ ಅಳತೆಯನ್ನೇ ಇಳಿಸಿ ಲೆಕ್ಕ ಹಾಕಿದರು. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಸಡಿಲ, ಬೆನ್ನು ಬಳುಕುತ್ತದೆ. ಗೊಂಬೆಯ ಬೆನ್ನು ಗಟ್ಟಿ. ಹಾಗಾಗಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು ನಿಜವಾದ ಮಕ್ಕಳನ್ನೇ ಕೂರಿಸಿ ನೋಡಿದರು. ಗಾಬರಿ ಬೇಡ. ಜಾತ್ರೆಯಲ್ಲಿ ಕಾರಿಗೆ ಕಾರು ಗುದ್ದಿಸುವ ಆಟ ಇರುತ್ತದಲ್ಲ, ಸುಮಾರು ಅಷ್ಟೇ ರಭಸ. 6ರಿಂದ 14 ವರ್ಷದ ಮಕ್ಕಳ ತಲೆ, ಕುತ್ತಿಗೆ, ಬೆನ್ನಿನ ಮೇಲೆ ಹೊಳೆಯುವ ಗುರುತು ಅಂಟಿಸಿ, ಕ್ಯಾಮೆರಾ ಇಟ್ಟು, ಯಾವ ಭಾಗ ಎಷ್ಟು ಮುಂದೆ ಹೋಗುತ್ತದೆ ಎಂದು ಅಳೆದರು. ದೊಡ್ಡವರನ್ನೂ ಹಾಗೇ ಕೂರಿಸಿದರು. ಮೈ ಅಳತೆಗೆ ಹೋಲಿಸಿದರೆ, ವಯಸ್ಸು ಕಡಿಮೆ ಇದ್ದಷ್ಟೂ ತಲೆ ಜಾಸ್ತಿ ಮುಂದೆ ಹೋಗುತ್ತದೆ ಎಂದು ಕಂಡುಬಂತು. ಆಸ್ಟ್ರೇಲಿಯಾದಲ್ಲಿ ಮೊನಾಶ್ ವಿಶ್ವವಿದ್ಯಾಲಯದವರು ಮನೆಮಂದಿ ಓಡಾಡುವ ಕಾರಿನಲ್ಲೇ ಕ್ಯಾಮೆರಾ ಇಟ್ಟರು. ಮಕ್ಕಳು ಹೆಚ್ಚಿನ ಹೊತ್ತು ಗೊಂಬೆಯ ಹಾಗೆ ಕೂರುವುದೇ ಇಲ್ಲ. ವಾಲುತ್ತಾರೆ, ಬಗ್ಗುತ್ತಾರೆ, ನಿದ್ದೆಗೆ ಜಾರುತ್ತಾರೆ. ಇದು ಯಾವ ತಾಯಿಗೆ ಗೊತ್ತಿಲ್ಲ ಹೇಳಿ? ಆದರೂ ಅವರು ಅಳೆದು ನೋಡಿದರು. ಗೊಂಬೆಯನ್ನು ಮಗುವಿನ ಹಾಗೆ ಮಾಡಲು ಅಲ್ಲಿ ಒದ್ದಾಡುತ್ತಿದ್ದಾರೆ. ನಮ್ಮ ಸಾಹೇಬರಿಗೆ ಮಗುವೇ ಗೊಂಬೆಯಾಗಬೇಕು.

ಮಗ ಯಾಕೆ ಜಾರಿದ ಎಂಬುದಕ್ಕೂ ಕಾರಣವಿದೆ. ಅಷ್ಟು ಚಿಕ್ಕ ಮಕ್ಕಳ ಸೊಂಟದ ಮೂಳೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಬೆಲ್ಟ್ ಅಲ್ಲಿ ನಿಲ್ಲದೆ ಹೊಟ್ಟೆಯ ಮೇಲೆ ಹತ್ತುತ್ತದೆ, ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆ. ಅದಕ್ಕೆ ಮಗುವನ್ನು ಎತ್ತರಿಸಿ, ಬೆಲ್ಟ್ ಸರಿಯಾದ ಜಾಗದಲ್ಲಿ ಕೂರುವಂತೆ ಮಾಡುವ ಬೂಸ್ಟರ್ ಸೀಟ್ ಬೇಕು. ಮಗು ಸುಮಾರು 145 ಸೆಂಟಿಮೀಟರ್ ಎತ್ತರ ಆಗುವವರೆಗೂ ಅದರ ಮೇಲೇ ಕೂರಿಸಿ ಎಂದು ಅಮೆರಿಕದಲ್ಲಿ ಹೇಳುತ್ತಾರೆ. ವಿಷಯ ತಿಳಿದ ಮೇಲೆ ಸುಮ್ನೆ ಕೂರಲಿಲ್ಲ, ಶನಿವಾರ ಖಡೇಬಜಾರಿಗೆ ಹೋದೆ. ಬೂಸ್ಟರ್ ಅಂದರೆ ಒಬ್ಬರು ಬೇಬಿ ವಾಕರ್ ತೋರಿಸಿದರು. ಇನ್ನೊಬ್ಬರು ಹಾಲಿಗೆ ಬೆರೆಸುವ ಪೌಡರ್ ತೆಗೆದರು! ದಂಡಕ್ಕೆ ಮಾತ್ರ ಎಲ್ಲ ಸರ್ಕಲ್‌ನಲ್ಲೂ ಸ್ಟಾಕ್ ಇದೆ.

2023ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲೂ ಭಾರತ್ ಎನ್‌ಸಿಎಪಿ ಎಂಬ ಡಿಕ್ಕಿ ಪರೀಕ್ಷೆ ಮಾಡಿ, ಸುರಕ್ಷತೆಗೆ ತಕ್ಕ ಹಾಗೆ ಕಾರಿಗೆ ಸ್ಟಾರ್ ಕೊಡುತ್ತಿದ್ದಾರೆ. ಮಕ್ಕಳ ರಕ್ಷಣೆಗೆ ಒಟ್ಟು 49 ಅಂಕ. ಡಿಕ್ಕಿ ಹೊಡೆಸುವಾಗ ಒಂದೂವರೆ ವರ್ಷದ್ದು, ಮೂರು ವರ್ಷದ್ದು ಎರಡು ಗೊಂಬೆ ಕೂರಿಸುತ್ತಾರೆ. ಒಳ್ಳೆಯದೇ. ಆದರೆ ಆ ಸ್ಟಾರ್ ಟಂಟಂಗೆ ಇಲ್ಲ, ಶಾಲಾ ಆಟೊಗೆ ಇಲ್ಲ. ಶಾಲಾ ವಾಹನದಲ್ಲಿ 12 ವರ್ಷದೊಳಗಿನವರಾದರೆ ಸೀಟಿನ ಒಂದೂವರೆ ಪಟ್ಟು ಮಕ್ಕಳನ್ನು ತುಂಬಬಹುದು ಎಂಬ ಲೆಕ್ಕ ಬೇರೆ ಇದೆ. ಎರಡು ಸೀಟಿನಲ್ಲಿ ಮೂವರು ಎಂದರೆ ನಡುವಿನವನಿಗೆ ಯಾವ ಬೆಲ್ಟ್, ಯಾವ ನೆಟ್ಟಗೆ?

ಇನ್ನು ಆ ಹಂಪಿನ ಕಥೆ. ಅದು ರಾತ್ರೋರಾತ್ರಿ ಎದ್ದಿದ್ದು. ಒಂದು ಕಚೇರಿಗೆ ಹೋಗಿ ಕೇಳಿದರೆ ‘ನಮ್ಮದಲ್ಲ, ಆ ಕಡೆಯವರದು’ ಎಂದರು. ಆ ಕಡೆಯವರು ಅರ್ಜಿ ಇಸಿದುಕೊಂಡು ‘ಇನ್ವರ್ಡ್ ಆಗಿದೆ’ ಎಂದರು. ಅದು ಇನ್ನೂ ಔಟ್‌ವರ್ಡ್ ಆಗಿಲ್ಲ. ಡಿಸೆಂಬರ್‌ನಲ್ಲಿ ಅಧಿವೇಶನ ಬಂದಾಗ ನೋಡಬೇಕು, ಸುವರ್ಣ ಸೌಧದ ದಾರಿಯುದ್ದಕ್ಕೂ ಬಿಳಿ ಪಟ್ಟಿ, ಹಳದಿ ಪಟ್ಟಿ, ಡಿವೈಡರ್‌ಗೆ ಹೂಕುಂಡ. ನಮ್ಮ ಹಂಪಿಗೆ ಒಂದು ಡಬ್ಬಿ ಬಣ್ಣ ಉಳಿಯುವುದಿಲ್ಲ. ಬೀದಿ ದೀಪದ ಬಗ್ಗೆ ಬರೆದರೆ ನೀವು ಪುಟ ಹೆಚ್ಚಿಸಬೇಕಾದೀತು. ಕೇಬಲ್‌ಗೆಂದು ಅಗೆದು ಬರೀ ಮಣ್ಣು ಮುಚ್ಚಿ ಹೋದ ಗುಂಡಿಯಲ್ಲಿ ನಮ್ಮ ಅತ್ತೆಯವರ ಕಾಲು ಉಳುಕಿದ್ದೂ ಇದೇ ರಸ್ತೆಯಲ್ಲಿ. ಅದಕ್ಕೂ ಯಾರೂ ದಂಡ ಕಟ್ಟಿಲ್ಲ.

ಸಂಬಂಧಪಟ್ಟವರು ಆ ಹಂಪಿಗೆ ಬಣ್ಣ ಬಳಿಯಲಿ. ಇಲ್ಲದಿದ್ದರೆ ಕಿತ್ತೇ ಹಾಕಲಿ. ಬೆಲ್ಟ್ ತಪಾಸಣೆ ಮಾಡುವುದಾದರೆ ಶಾಲಾ ಆಟೊ ಸೇರಿ ಎಲ್ಲರದ್ದೂ ಮಾಡಲಿ, ಆಗದಿದ್ದರೆ ನಮ್ಮದೂ ಬೇಡ. ಬೂಸ್ಟರ್ ಸೀಟ್ ಊರಿನಲ್ಲಿ ಸಿಗುವ ಹಾಗೆ ಯಾರಾದರೂ ಏನಾದರೂ ಮಾಡಲಿ. ವೇದಿಕೆಯ ಶಾಮಿಯಾನ, ಶಾಲು, ಹಾರಕ್ಕೆ ಖರ್ಚಾದ ದುಡ್ಡಿನಲ್ಲಿ ಎಷ್ಟು ಸೀಟ್ ಬರುತ್ತಿದ್ದವೋ! ಸಂಬಳ, ಕಾರು, ಡ್ರೈವರ್ ಎಲ್ಲ ಇರುವವರಿಗೆ ಇದನ್ನೂ ನಾವು ಪತ್ರಿಕೆಯಲ್ಲಿ ಬರೆದೇ ತಿಳಿಸಬೇಕೇ? ಸ್ವಲ್ಪವಾದರೂ ನಾಚಿಕೆ ಬೇಡವೇ?

– ದಂಡ ಕಟ್ಟಿದ ಪಾಲಕಿ, ಟಿಳಕವಾಡಿ, ಬೆಳಗಾವಿ