ಸೋಮವಾರದಿಂದ ಪುಸ್ತಕ ಮುಚ್ಚಿಟ್ಟು ಅಭ್ಯಾಸ: ದಯವಿಟ್ಟು ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ.

ದ್ವಿತೀಯ ಪಿಯುಸಿ ಮಕ್ಕಳು ಮತ್ತು ಪೋಷಕರ ಗಮನಕ್ಕೆ. ಸೋಮವಾರದಿಂದ ಸಂಜೆ 6ರ ಓದಿನಲ್ಲಿ ಮೊದಲ ಅರ್ಧ ಗಂಟೆ ಪುಸ್ತಕ ತೆರೆಯುವಂತಿಲ್ಲ. ಹಿಂದಿನ ದಿನ ಓದಿದ್ದನ್ನು ನೆನಪಿನಿಂದಲೇ ಹಾಳೆಯ ಮೇಲೆ ಬರೆಯಬೇಕು. ಆಮೇಲೆ ಪುಸ್ತಕ ನೋಡಿ, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ.

ಯಾಕೆ ಅಂತ ಕೆಲವರು ಕೇಳಿದ್ದೀರಿ. ಸುಮ್ನೆ ಮತ್ತೆ ಮತ್ತೆ ಓದಿದರೆ ಪಾಠ ಪರಿಚಿತ ಅನಿಸುತ್ತದೆ, ಆದರೆ ಪರೀಕ್ಷೆಯಲ್ಲಿ ಅದು ತಾನಾಗಿ ಹೊರಗೆ ಬರುವುದಿಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ನೆನಪಿಸಿಕೊಂಡು ಬರೆದವರಿಗೇ ಜಾಸ್ತಿ ನೆನಪಿತ್ತು. ನಮ್ಮ ಮಕ್ಕಳಿಗೆ ಬೇಕಿರುವುದು ಈ ಎರಡನೆಯದು ಅಲ್ವಾ? ಮೊದಮೊದಲು ಹಾಳೆ ಅರ್ಧ ಖಾಲಿ ಉಳಿಯಬಹುದು. ಅದಕ್ಕೆ ಯಾರೂ ಬೈಯಬೇಡಿ. ನೆನಪಿಸಿಕೊಳ್ಳಲು ಪಡುವ ಆ ಕಷ್ಟವೇ ಕಲಿಕೆ.

ಕಲಿತದ್ದನ್ನು ನಾವು ಮೊದಲ ಒಂದೆರಡು ದಿನದಲ್ಲೇ ಬೇಗ ಮರೆಯುತ್ತೇವೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಾಗಿ ಅದೇ ಪಾಠವನ್ನು 3ನೇ ದಿನ, ಮತ್ತೆ ವಾರದ ನಂತರ ಇನ್ನೊಮ್ಮೆ ಬರೆಸುತ್ತೇವೆ.

ಪೋಷಕರಲ್ಲಿ ಒಂದು ವಿನಂತಿ. ರಾತ್ರಿ ಒಂದು ಗಂಟೆವರೆಗೆ ಓದಿಸಬೇಡಿ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ಓದುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಬರುವವರು ಭಾನುವಾರ ಸಂಜೆಯೊಳಗೆ ಮಗುವಿನ ಹೆಸರು, ಮೊದಲು ಬರೆಯುವ ವಿಷಯ ಎರಡನ್ನೂ ಇಲ್ಲೇ ತಿಳಿಸಿ. ಸಮಯ ಹೊಂದದಿದ್ದರೆ ಅದನ್ನೂ ಹೇಳಿ, ಬೆಳಿಗ್ಗೆ ಇನ್ನೊಂದು ತಂಡ ಮಾಡೋಣ.